ಮಂಗಳೂರು – ಬೆಂಗಳೂರು ವಾಯುಮಾರ್ಗ: ದೂರ ಹಾಗೂ ಪ್ರಯಾಣಾವಧಿ

ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ (ಬಜ್ಪೆ) ಹಾಗೂ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ (ದೇವನಹಳ್ಳಿ) ಇವುಗಳ ನಡುವಿನ ವಾಯುಮಾರ್ಗದ ದೂರ, ಪ್ರಯಾಣಾವಧಿ ಹಾಗೂ ತತ್ಸಂಬಂಧಿತ ಹಕ್ಕುಗಳ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

1. ದೂರ
ಎರಡೂ ನಿಲ್ದಾಣಗಳ ನಡುವಿನ ನೇರ ವಾಯುದೂರ ಸುಮಾರು 306 ಕಿ.ಮೀ. (165 ನಾಟಿಕಲ್ ಮೈಲು). ನಿಗದಿತ ವಾಯುಪಥ ಹಾಗೂ ಇಳಿಯುವ ದಿಕ್ಕಿಗೆ ಅನುಗುಣವಾಗಿ ವಿಮಾನವು ಕ್ರಮಿಸುವ ದೂರ ಇದಕ್ಕಿಂತ ತುಸು ಹೆಚ್ಚಾಗಿರುತ್ತದೆ. ಶಿರಾಡಿ ಘಾಟಿಯ ಮೂಲಕ ಎರಡು ನಗರಗಳ ನಡುವಿನ ರಸ್ತೆ ದೂರ ಸುಮಾರು 350 ಕಿ.ಮೀ.

2. ಪ್ರಯಾಣಾವಧಿ
ವಿಮಾನವು ಆಕಾಶದಲ್ಲಿರುವ ಸಮಯ ಸುಮಾರು 40ರಿಂದ 50 ನಿಮಿಷಗಳು. ಆದರೆ ವೇಳಾಪಟ್ಟಿಯಲ್ಲಿ ನಮೂದಿಸುವುದು 'ಬ್ಲಾಕ್ ಅವಧಿ'ಯನ್ನು. ಅಂದರೆ ವಿಮಾನವು ನಿಲುಗಡೆ ಸ್ಥಳದಿಂದ ಚಲಿಸಿದ ಕ್ಷಣದಿಂದ ತಲುಪಿದ ನಿಲ್ದಾಣದಲ್ಲಿ ನಿಲುಗಡೆಗೊಳ್ಳುವವರೆಗಿನ ಸಮಯ. ಈ ಮಾರ್ಗದಲ್ಲಿ ಇದು ಸಾಮಾನ್ಯವಾಗಿ 1 ಗಂಟೆ ಅಥವಾ ಅದಕ್ಕಿಂತ ಕೆಲವು ನಿಮಿಷ ಹೆಚ್ಚು. ಟರ್ಬೊಪ್ರಾಪ್ ವಿಮಾನಗಳು ಜೆಟ್ ವಿಮಾನಗಳಿಗಿಂತ ನಿಧಾನವಾಗಿ ಚಲಿಸುತ್ತವೆ.

ದೇಶೀಯ ಪ್ರಯಾಣದ ಚೆಕ್-ಇನ್ ಕೌಂಟರುಗಳನ್ನು ಸಾಮಾನ್ಯವಾಗಿ ನಿರ್ಗಮನಕ್ಕೆ 60 ನಿಮಿಷ ಮೊದಲು ಮುಚ್ಚಲಾಗುತ್ತದೆ. ದೇವನಹಳ್ಳಿ ನಿಲ್ದಾಣವು ಬೆಂಗಳೂರು ನಗರ ಕೇಂದ್ರದಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಆಸ್ಪತ್ರೆ, ನ್ಯಾಯಾಲಯ ಅಥವಾ ಸಂದರ್ಶನಕ್ಕೆ ತೆರಳುವವರು ಈ ಎರಡನ್ನೂ ಪ್ರಯಾಣಾವಧಿಗೆ ಸೇರಿಸಿ ಲೆಕ್ಕ ಹಾಕತಕ್ಕದ್ದು.

3. ಅವಧಿ ಮತ್ತು ಪರಿಹಾರ
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿ.ಜಿ.ಸಿ.ಎ.) ನಿಯಮಗಳಲ್ಲಿ ಪರಿಹಾರವನ್ನು ದೂರದ ಮೇಲಲ್ಲ, ಬ್ಲಾಕ್ ಅವಧಿಯ ಮೇಲೆ ನಿಗದಿಪಡಿಸಲಾಗಿದೆ. ನಿಯಮಾನುಸಾರ ಮುಂಚಿತವಾಗಿ ತಿಳಿಸದೆ ವಿಮಾನವನ್ನು ರದ್ದುಪಡಿಸಿದಲ್ಲಿ ಪರಿಹಾರದ ಮಿತಿ ಹೀಗಿದೆ:

(ಅ) 1 ಗಂಟೆಯವರೆಗೆ – ರೂ. 5,000
(ಆ) 1 ಗಂಟೆಗಿಂತ ಹೆಚ್ಚು, 2 ಗಂಟೆಯವರೆಗೆ – ರೂ. 7,500
(ಇ) 2 ಗಂಟೆಗಿಂತ ಹೆಚ್ಚು – ರೂ. 10,000

ಈ ಮೊತ್ತ ಅಥವಾ ಏಕಮುಖ ಮೂಲ ದರ ಹಾಗೂ ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಕಡಿಮೆಯಾದುದನ್ನು ಪಾವತಿಸಲಾಗುವುದು. ಈ ಮಾರ್ಗದಲ್ಲಿ ಬ್ಲಾಕ್ ಅವಧಿಯು 1 ಗಂಟೆಯ ಆಸುಪಾಸಿನಲ್ಲಿರುವುದರಿಂದ ಐದು ನಿಮಿಷಗಳ ವ್ಯತ್ಯಾಸದಿಂದಲೂ ಮಿತಿ ಬದಲಾಗಬಹುದು. ಆದುದರಿಂದ ಟಿಕೆಟಿನಲ್ಲಿ ನಮೂದಾದ ನಿರ್ಗಮನ ಹಾಗೂ ಆಗಮನ ವೇಳೆಯನ್ನು ಪರಿಶೀಲಿಸಿ, ಟಿಕೆಟನ್ನು ಕಾಯ್ದಿರಿಸಿಕೊಳ್ಳುವುದು ಸೂಕ್ತ.

ಸಕಾಲದಲ್ಲಿ ಚೆಕ್-ಇನ್ ಮಾಡಿದ ಪ್ರಯಾಣಿಕರಿಗೆ, ಈ ಮಾರ್ಗದಲ್ಲಿ 2 ಗಂಟೆ ಅಥವಾ ಹೆಚ್ಚಿನ ವಿಳಂಬ ನಿರೀಕ್ಷಿತವಾಗಿದ್ದಲ್ಲಿ ಊಟ-ಉಪಾಹಾರ ಒದಗಿಸಬೇಕಾಗಿರುತ್ತದೆ.

4. ಪರಿಹಾರ ಲಭ್ಯವಾಗದ ಸಂದರ್ಭಗಳು
ಪ್ರತಿಕೂಲ ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆ ಮುಂತಾದ ವಿಮಾನ ಸಂಸ್ಥೆಯ ಹಿಡಿತಕ್ಕೆ ಮೀರಿದ ಕಾರಣಗಳಿಗೆ ಪರಿಹಾರ ಅನ್ವಯಿಸುವುದಿಲ್ಲ. ಮಳೆಗಾಲದಲ್ಲಿ ಕರಾವಳಿಯ ಪ್ರಯಾಣಿಕರು ಇದನ್ನು ಗಮನದಲ್ಲಿಡುವುದು. ಟಿಕೆಟ್ ಪಡೆಯುವಾಗ ಸಮರ್ಪಕ ಸಂಪರ್ಕ ವಿವರ ನೀಡದವರಿಗೂ ಪರಿಹಾರ ದೊರೆಯುವುದಿಲ್ಲ. ಮಧ್ಯವರ್ತಿಗಳ ಮೂಲಕ ಟಿಕೆಟ್ ಪಡೆಯುವವರು ತಮ್ಮದೇ ದೂರವಾಣಿ ಸಂಖ್ಯೆ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

5. ದೂರು ಸಲ್ಲಿಕೆ
ಪ್ರಥಮತಃ ಸಂಬಂಧಿಸಿದ ವಿಮಾನ ಸಂಸ್ಥೆಗೆ ಲಿಖಿತ ದೂರು ಸಲ್ಲಿಸುವುದು. ಪರಿಹಾರ ದೊರೆಯದಿದ್ದಲ್ಲಿ, ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ 'ಏರ್‌ಸೇವಾ' ಜಾಲತಾಣದಲ್ಲಿ ಟಿಕೆಟಿನ ಪ್ರತಿಯೊಂದಿಗೆ ದೂರು ದಾಖಲಿಸಬಹುದಾಗಿದೆ.