ಚಿತ್ರ ಬಿಡಿಸುತ್ತಿರುವುದು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸು ಬಾರದವರಿಗೆ, ಕೊಪ್ಪವಿರಲಿ ಬೆಂಗಳೂರಿರಲಿ, ಉಳಿದ ಒಂದು ದಾರಿ ಲಿನಕ್ಸ್. ಹಾಕಿಕೊಳ್ಳುವುದೇನೋ ಸುಲಭ. ಆಮೇಲೆ ವಿಡಿಯೊ ತಡವರಿಸುತ್ತದೆ, ಫ್ಯಾನು ಕೂಗುತ್ತದೆ. ಬೈಗುಳ ಲಿನಕ್ಸಿಗೆ, ತಪ್ಪು ಬಹುಪಾಲು ಗ್ರಾಫಿಕ್ಸ್ ಡ್ರೈವರಿನದು.

ಈ ತೊಂದರೆಯ ಸ್ವರೂಪ ಕಾಲಕಾಲಕ್ಕೆ ಬದಲಾಗಿದೆ. ತೊಂಬತ್ತರ ದಶಕದಲ್ಲಿ ಪರದೆ ಹೊತ್ತಿಕೊಂಡರೆ ಸಾಕಿತ್ತು. ಮಾನಿಟರಿನ ಆವರ್ತನಗಳನ್ನು, ಪರದೆ ನಡೆಸುವ ಎಕ್ಸ್‌ಫ್ರೀ86ರ ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ಬ್ರಯಾನ್ ಪಾಲ್ 1993ರಲ್ಲಿ ಶುರುಮಾಡಿದ ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶ ಮೂರು ಆಯಾಮದ ಚಿತ್ರವನ್ನು ಆಗ ಸಿಪಿಯುವಿನಿಂದಲೇ ಬಿಡಿಸುತ್ತಿತ್ತು. 2009ರಲ್ಲಿ ಪರದೆಯ ಉಸ್ತುವಾರಿ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಬಂತು. ಒಳ್ಳೆಯ ಬದಲಾವಣೆಯೇ, ಆದರೆ ಆ ಸ್ಥಿತ್ಯಂತರದ ನಡುವೆ ಬಂದ ಉಬುಂಟು 9.04 ಇಂಟೆಲ್ ಚಿಪ್ಪಿನವರನ್ನು ಚೆನ್ನಾಗಿಯೇ ಗೋಳುಹೊಯ್ದುಕೊಂಡಿತು.

ನಿಜವಾದ ಕವಲು ಬೇರೆ ಕಡೆ ಇದೆ. ಎಎಂಡಿ 2007ರಲ್ಲಿ ಚಿಪ್ಪಿನ ದಾಖಲೆಗಳನ್ನು ಹೊರಗಿಡತೊಡಗಿತು. ಇಂಟೆಲ್ ತನ್ನ ಡ್ರೈವರನ್ನು ಮುಕ್ತವಾಗಿಯೇ ಬರೆಯಿತು. ಎನ್‌ವಿಡಿಯಾ ಬಾಯಿ ಬಿಡಲಿಲ್ಲ. 2012ರಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನ ವೇದಿಕೆಯಲ್ಲೇ ಆ ಕಂಪನಿಗೆ ಬೆರಳು ತೋರಿಸಿದ್ದು ಇದಕ್ಕೇ. ಹೊರಗಿನವರು ಒಗಟು ಬಿಡಿಸಿದಂತೆ ಕಟ್ಟಿದ ನೂವೋ ಡ್ರೈವರಿಗೆ 2014ರ ಜಿಟಿಎಕ್ಸ್ 900 ಸರಣಿಯಿಂದಾಚೆ ಕಂಪನಿಯ ಸಹಿಯುಳ್ಳ ಫರ್ಮ್‌ವೇರ್ ಇಲ್ಲದೆ ಚಿಪ್ಪಿನ ವೇಗ ಏರಿಸಲಾಗಲಿಲ್ಲ. 2022ರಲ್ಲಿ ಕಂಪನಿ ಕರ್ನಲ್ ಭಾಗವನ್ನು ತೆರೆದದ್ದು ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್ಪುಗಳಿಗೆ ಮಾತ್ರ. ಅದೇ ವರ್ಷದ ಕೊನೆಗೆ ಹಳೆಯ ಚಿಪ್ಪುಗಳಿಗಿದ್ದ 390 ಸರಣಿಯ ಡ್ರೈವರಿಗೆ ಎಳ್ಳುನೀರು ಬಿಟ್ಟಿತು. ಇತ್ತ ಹಳೆಯ ಇಂಟೆಲ್ ಚಿಪ್ಪುಗಳಿಗಾಗಿ 2021ರಲ್ಲಿ ಮೆಸಾಗೆ ಕ್ರೋಕಸ್ ಎಂಬ ಹೊಸ ಡ್ರೈವರೇ ಸೇರಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಎನ್‌ವಿಡಿಯಾ ಸ್ಟಿಕ್ಕರಿಗೆ ಮರುಳಾಗದಿರುವುದೇ ಲೇಸು.

ಈಗಿನ ಕಾಟ ಕಣ್ಣಿಗೆ ಬೀಳದ್ದು. ಟರ್ಮಿನಲ್ಲಿನಲ್ಲಿ ಜಿಎಲ್‌ಎಕ್ಸ್‌ಇನ್ಫೋ ಓಡಿಸಿ, ರೆಂಡರರ್ ಎಂಬ ಸಾಲು ನೋಡಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಗ್ರಾಫಿಕ್ಸ್ ಚಿಪ್ಪು ಸುಮ್ಮನೆ ಕೂತಿದೆ, ಅದರ ಕೂಲಿಯನ್ನೂ ಸಿಪಿಯುವೇ ಮಾಡುತ್ತಿದೆ ಎಂದರ್ಥ. ಹಿಂದೊಮ್ಮೆ ಪರದೆ ಕಪ್ಪಾದಾಗ, ಬೂಟ್ ಪಟ್ಟಿ ತೋರಿಸುವ ಗ್ರಬ್‌ನಲ್ಲಿ ನೋಮೋಡ್‌ಸೆಟ್ ಸೇರಿಸಿ ಮರೆತವರಲ್ಲಿ ಹೀಗಾಗುವುದು ಹೆಚ್ಚು. ಆ ಪದ ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯಿತು. ಎನ್‌ವಿಡಿಯಾ ಡ್ರೈವರ್ ಹಾಕಿಕೊಂಡವರದು ಇನ್ನೊಂದು ಪಾಡು: ಪ್ರತಿ ಹೊಸ ಕರ್ನಲ್ಲಿಗೂ ಅದರ ಮಾಡ್ಯೂಲ್ ಮತ್ತೆ ಕಟ್ಟಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಒಟ್ಟಿಗೇ ಹೋಗುವ ಶೃಂಗೇರಿ, ನರಸಿಂಹರಾಜಪುರದ ಕಡೆ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಬೆಳಿಗ್ಗೆ ಕಪ್ಪು ಪರದೆ. ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನಲ್ ಆರಿಸಿಕೊಂಡರೆ ಸದ್ಯಕ್ಕೆ ಕೆಲಸ ನಡೆಯುತ್ತದೆ.

ಶಾಲೆಗಳ ಮಾತು ಬೇರೆ. 2010ರ ದಶಕದ ಆರಂಭದಲ್ಲಿ, ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿದ್ದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮತ್ತು ಗಣಿತದ ತಂತ್ರಾಂಶ ಜಿಯೋಜಿಬ್ರಾ ಕಲಿಸಿತು. ಜಿಯೋಜಿಬ್ರಾದ ಸಮತಲ ರೇಖಾಗಣಿತ ಎಂಥ ಯಂತ್ರದಲ್ಲೂ ಓಡುತ್ತದೆ. ಘನಾಕೃತಿ ತಿರುಗಿಸಿದಾಗಲೇ ಡ್ರೈವರಿನ ಬಂಡವಾಳ ಬಯಲಾಗುವುದು.

ಇನ್ನು ಯೂಟ್ಯೂಬ್ ಒಂದೇ ತಡವರಿಸುತ್ತಿದ್ದರೆ ಡ್ರೈವರನ್ನು ಬೈದು ಫಲವಿಲ್ಲ. ಅದು ಕಳಿಸುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1 ರೂಪದ ವಿಡಿಯೊ. ಹಳೆಯ ಇಂಟೆಲ್ ಚಿಪ್ಪುಗಳಿಗೆ ಅವನ್ನು ಬಿಡಿಸಲು ಬಾರದು, ಬರುವುದು ಎಚ್.264. ಅದನ್ನೇ ಕೇಳಿ ಪಡೆಯುವ ಎಕ್ಸ್‌ಟೆನ್ಷನ್ ಒಂದನ್ನು ಬ್ರೌಸರಿಗೆ ಹಾಕಿ, 720ಪಿಗೆ ಇಳಿಸಿಕೊಂಡರೆ ಫ್ಯಾನಿನ ಕೂಗೂ ತಗ್ಗುತ್ತದೆ.