ಮುಳ್ಳುತಂತಿಯ ಬಳಿ ಕೆಲವು ಗೆರೆಗಳು

ನಮ್ಮ ಲಾಸ್ ಗ್ಯಾಟೋಸಿನಿಂದ ಗಂಟೆಯ ದಾರಿಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಚಿಯುರಾ ಒಬಾಟ ಚಿತ್ರಕಲೆ ಕಲಿಸುತ್ತಿದ್ದರು. ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ 1942ರಲ್ಲಿ ಅವರನ್ನು ಸಂಸಾರಸಮೇತ ಮೊದಲು ಸ್ಯಾನ್ ಬ್ರೂನೋದ ಕುದುರೆ ಲಾಯಕ್ಕೆ, ಆಮೇಲೆ ಯೂಟಾದ ಟೋಪಾಜ್ ಶಿಬಿರಕ್ಕೆ ಸಾಗಿಸಿದರು. ಕ್ಯಾಮೆರಾ ನಿಷಿದ್ಧ, ಉಳಿದದ್ದು ಕಾಗದ, ಪೆನ್ಸಿಲು, ಕುಂಚ.

1943ರ ಏಪ್ರಿಲ್ 11ರಂದು ಬೇಲಿಯ ಬಳಿ ಅಡ್ಡಾಡುತ್ತಿದ್ದ 63ರ ಜೇಮ್ಸ್ ವಕಾಸಾ ಕಾವಲು ಸೈನಿಕನ ಗುಂಡಿಗೆ ಸತ್ತರು. ಬೇಲಿ ನುಸುಳುತ್ತಿದ್ದರೆಂದು ಸೇನೆ ಮೊದಲು ಹೇಳಿತು. ಹೆಣ ಬಿದ್ದಿದ್ದು ಬೇಲಿಯ ಒಳಗೆ! ಸೈನಿಕ ಖುಲಾಸೆಯಾದ.

ಒಬಾಟ ಇದನ್ನು ಬರೀ ಶಾಯಿಯಲ್ಲಿ, ಪೆನ್ಸಿಲ್ ಚಿತ್ರದಷ್ಟೇ ಸರಳವಾಗಿ ಬರೆದರು. ಮುಳ್ಳುತಂತಿ, ಮಡಚಿ ಬೀಳುತ್ತಿರುವ ಮೈ, ಅಷ್ಟೇ ಸಾಕು. ಹೆಬ್ಬಾರರ ಕುಣಿಯುವ ಗೆರೆಗಳನ್ನು ಮೆಚ್ಚಿದ ನಮಗೆ ಈ ಕುಸಿಯುವ ಗೆರೆ ಕಣ್ಣಿಂದ ಹೋಗುವುದಿಲ್ಲ.

ಗೆಳೆಯರು ನಿಲ್ಲಿಸಿದ ಸ್ಮಾರಕವನ್ನು ಅಧಿಕಾರಿಗಳು ಕೆಡವಿಸಿದರು. ಹೂತಿದ್ದ ಆ ಕಲ್ಲು ಮತ್ತೆ ಪತ್ತೆಯಾದದ್ದು 2020ರಲ್ಲಿ. ಅಲ್ಲಿಯವರೆಗೂ ಚಿತ್ರ ಇತ್ತು.