ಸ್ಕಾಟ್ಲೆಂಡ್ ಸ್ವಾತಂತ್ರ್ಯ: ಮತದಾರರು ಕೇಳಿದ್ದೇನು, ನಾಯಕರು ಹೇಳಿದ್ದೇನು?

ಸ್ಕಾಟ್ಲೆಂಡಿಗೆ ಹೊಸದಾಗಿ ಬಂದು ನೆಲೆಸುವ ನಮ್ಮವರ ಕಿವಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಿದ್ದೇ ಬೀಳುತ್ತದೆ: "ನೀವು ಯೆಸ್ ಕಡೆಯವರೋ, ನೋ ಕಡೆಯವರೋ?" ಮದುವೆ ಮನೆಯಲ್ಲಿ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳಿದ ಹಾಗೆ! 2014ರ ಜನಮತಗಣನೆ ಮುಗಿದು ವರ್ಷಗಳೇ ಕಳೆದಿದ್ದರೂ ಇಲ್ಲಿನ ಆಫೀಸುಗಳಲ್ಲಿ, ಶಾಲೆಗಳಲ್ಲಿ ಆ ಮಾತು ಇನ್ನೂ ನಿಂತಿಲ್ಲ. ಆಗ ಇಲ್ಲಿ ಇಲ್ಲದವರಿಗೂ, ಇಲ್ಲಿಯೇ ಬೆಳೆದು ಈಗ ಮತದಾರರಾಗುತ್ತಿರುವ ನಮ್ಮ ಮಕ್ಕಳಿಗೂ ಅನುಕೂಲವಾಗಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಯಾರು ಗೆದ್ದರು ಎಂಬುದಕ್ಕಿಂತ, ಸಾಮಾನ್ಯ ಮತದಾರರು ತಮ್ಮ ನಾಯಕರನ್ನು ನಿಲ್ಲಿಸಿ ಏನೇನು ಕೇಳಿದರು, ಸಿಕ್ಕ ಉತ್ತರಗಳ ಗತಿ ಮುಂದೆ ಏನಾಯಿತು ಎಂಬುದರ ಕಡೆಗೇ ಇಲ್ಲಿ ಹೆಚ್ಚು ಗಮನ ಕೊಟ್ಟಿದ್ದೇವೆ.

ಹಿನ್ನೆಲೆ

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಪಾರ್ಲಿಮೆಂಟುಗಳು ಒಂದಾದದ್ದು 1707ರಲ್ಲಿ. ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು 1979ರಲ್ಲಿ ಕೇಳಿದಾಗ ಮತ ಹಾಕಿದವರಲ್ಲಿ ಶೇ. 51.6 ಮಂದಿ ಬೇಕೆಂದರು. ಆದರೆ ಒಟ್ಟು ಮತದಾರರಲ್ಲಿ ಶೇ. 40 ಮಂದಿಯಾದರೂ ಒಪ್ಪಿರಬೇಕೆಂಬ ಷರತ್ತು ಇದ್ದುದರಿಂದ ಅದು ಬಿದ್ದುಹೋಯಿತು. 1997ರಲ್ಲಿ ಮತ್ತೆ ಕೇಳಿದಾಗ ಶೇ. 74.3 ಮಂದಿ ಒಪ್ಪಿದರು. 1999ರಲ್ಲಿ ಎಡಿನ್‌ಬರೋದಲ್ಲಿ ಪಾರ್ಲಿಮೆಂಟು ಶುರುವಾಯಿತು. 2011ರ ಚುನಾವಣೆಯಲ್ಲಿ ಅಲೆಕ್ಸ್ ಸಾಮಂಡ್ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 129 ಸ್ಥಾನಗಳಲ್ಲಿ 69 ಗೆದ್ದಾಗ ಸ್ವಾತಂತ್ರ್ಯದ ಪ್ರಶ್ನೆಯನ್ನು ಮುಂದೂಡುವ ಹಾಗಿರಲಿಲ್ಲ. 2012ರ ಅಕ್ಟೋಬರ್ 15ರಂದು ಸಾಮಂಡ್ ಮತ್ತು ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಎಡಿನ್‌ಬರೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು.

ಮತಪತ್ರದಲ್ಲಿ ಏನು ಬರೆಯಬೇಕೆಂಬುದೂ ಸಣ್ಣ ವಿಷಯವಾಗಿರಲಿಲ್ಲ. "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ?" ಎಂಬುದು ಸಾಮಂಡ್ ಸರ್ಕಾರ ಸೂಚಿಸಿದ ಪ್ರಶ್ನೆ. "ಒಪ್ಪುತ್ತೀರಾ" ಎಂದರೆ ಮನುಷ್ಯ ಸಹಜವಾಗಿ ಹೌದು ಎನ್ನುವ ಕಡೆಗೆ ವಾಲುತ್ತಾನೆ ಎಂದು ಚುನಾವಣಾ ಆಯೋಗ ಆ ಪದವನ್ನು ತೆಗೆಸಿತು. ಕೊನೆಗೆ ಉಳಿದದ್ದು ಇಷ್ಟೇ: "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?"

ಕೇಳುವ ಹಕ್ಕು ಯಾರಿಗಿತ್ತು?

ನಮ್ಮವರಿಗೆ ಮುಖ್ಯವಾದ ಸಂಗತಿ ಇದು. ಮತದ ಹಕ್ಕನ್ನು ಹುಟ್ಟಿನ ಮೇಲೆ ಕೊಡಲಿಲ್ಲ, ವಾಸದ ಮೇಲೆ ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ವಾಸವಿದ್ದ ಬ್ರಿಟಿಷ್, ಐರಿಷ್ ಮತ್ತು ಯುರೋಪಿಯನ್ ಒಕ್ಕೂಟದ ಪ್ರಜೆಗಳ ಜೊತೆಗೆ, ಸರಿಯಾದ ವಾಸದ ಅನುಮತಿ ಇದ್ದ ಕಾಮನ್‌ವೆಲ್ತ್ ಪ್ರಜೆಗಳಿಗೂ ಮತವಿತ್ತು. ಭಾರತ ಕಾಮನ್‌ವೆಲ್ತ್ ದೇಶ. ಆದ್ದರಿಂದ ವರ್ಕ್ ಪರ್ಮಿಟ್ ಮೇಲೆ ಬೆಂಗಳೂರಿನಿಂದ ಅಬರ್ಡೀನಿಗೆ ಬಂದು, ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡಿದ್ದ ಇಂಜಿನಿಯರಿಗೆ ಸ್ಕಾಟ್ಲೆಂಡಿನ ಭವಿಷ್ಯ ನಿರ್ಧರಿಸುವ ಮತವಿತ್ತು. ಸ್ವಾತಂತ್ರ್ಯಕ್ಕಾಗಿ ದಶಕಗಳ ಕಾಲ ಮಾತಾಡಿದ, ಆದರೆ ಬಹಾಮಾಸ್‌ನಲ್ಲಿ ವಾಸವಿದ್ದ ನಟ ಶಾನ್ ಕಾನರಿಗೆ ಇರಲಿಲ್ಲ! ಇಂಗ್ಲೆಂಡಿನಲ್ಲಿ ನೆಲೆಸಿದ್ದ ಟೆನಿಸ್ ಆಟಗಾರ ಆಂಡಿ ಮರ್ರಿಗೂ ಇರಲಿಲ್ಲ. ಅದೇ ರೀತಿ ಲಂಡನ್, ಮ್ಯಾಂಚೆಸ್ಟರ್ ಕಡೆಯ ನಮ್ಮ ಬಂಧುಗಳು ಬ್ರಿಟಿಷ್ ಪ್ರಜೆಗಳೇ ಆಗಿದ್ದರೂ ಟೀವಿ ಮುಂದೆ ಕೂತು ನೋಡಬೇಕಾಯಿತು.

ಇನ್ನೊಂದು ಹೊಸತು, ವಯಸ್ಸು. 16 ಮತ್ತು 17 ವರ್ಷದವರಿಗೂ ಮತ ಕೊಟ್ಟರು. 1 ಲಕ್ಷಕ್ಕೂ ಹೆಚ್ಚು ಮಂದಿ ಹದಿಹರೆಯದವರು ಹೆಸರು ನೋಂದಾಯಿಸಿದರು.

ಆರುನೂರೈವತ್ತು ಪ್ರಶ್ನೆಗಳ ಪುಸ್ತಕ

2013ರ ನವೆಂಬರ್ 26ರಂದು ಸ್ಕಾಟಿಷ್ ಸರ್ಕಾರ 670 ಪುಟಗಳ ಶ್ವೇತಪತ್ರ ಹೊರಡಿಸಿತು. ಅದರಲ್ಲಿ ಒಂದು ಭಾಗವಿಡೀ ಪ್ರಶ್ನೋತ್ತರ: 650 ಪ್ರಶ್ನೆಗಳು, 650 ಉತ್ತರಗಳು. ಪಿಂಚಣಿ ಬರುತ್ತದೆಯೇ, ರಾಣಿ ಇರುತ್ತಾರೆಯೇ, ಪಾಸ್‌ಪೋರ್ಟ್ ಯಾವುದು, ಟೀವಿಯಲ್ಲಿ ಬಿಬಿಸಿ ಕಾರ್ಯಕ್ರಮಗಳು ಸಿಗುತ್ತವೆಯೇ... ಮನೆಯ ಹಿರಿಯರಿಗೆ ಏಳುವ ಅನುಮಾನಗಳಿಂದ ಹಿಡಿದು ವಿದೇಶಾಂಗ ನೀತಿಯವರೆಗೆ ಎಲ್ಲವೂ ಅಲ್ಲಿತ್ತು.

ಭಾರತದಿಂದ ಬಂದವರಿಗೆ ಸಂಬಂಧಿಸಿದ ಮಾತುಗಳೂ ಇದ್ದವು. ಸ್ವತಂತ್ರವಾಗುವ ದಿನ (2016ರ ಮಾರ್ಚ್ 24 ಎಂದು ಗೊತ್ತುಮಾಡಿದ್ದರು) ಸ್ಕಾಟ್ಲೆಂಡಿನಲ್ಲಿ ಖಾಯಂ ವಾಸವಿರುವ ಬ್ರಿಟಿಷ್ ಪ್ರಜೆಗಳು, ಎಲ್ಲಿ ಹುಟ್ಟಿದವರಾದರೂ ಸರಿ, ತಾವಾಗಿಯೇ ಸ್ಕಾಟಿಷ್ ಪ್ರಜೆಗಳಾಗುತ್ತಾರೆ ಎಂದಿತ್ತು. ಕಾನೂನುಬದ್ಧವಾಗಿ ನೆಲೆಸಿರುವ ಇತರರು ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು. ಬ್ರಿಟನ್ 2012ರಲ್ಲಿ ನಿಲ್ಲಿಸಿದ್ದ, ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಉಳಿದು ಕೆಲಸ ಮಾಡುವ ವೀಸಾವನ್ನು ಮತ್ತೆ ತರುವ ಭರವಸೆಯೂ ಇತ್ತು. ಅಂಥದೇ ವೀಸಾವನ್ನು ಬ್ರಿಟನ್ ಸರ್ಕಾರವೇ 2021ರಲ್ಲಿ ಬೇರೆ ಹೆಸರಿನಲ್ಲಿ ಶುರುಮಾಡಿತು.

ಪುಸ್ತಕ ಎಷ್ಟೇ ದಪ್ಪವಿದ್ದರೂ ಅದನ್ನು ಬರೆದವರು ಒಂದು ಪಕ್ಷದವರು. ಮತದಾರರಿಗೆ ಬೇಕಿದ್ದುದು ಎದುರಿಗೆ ನಿಂತು ಕೇಳುವ ಅವಕಾಶ.

ಪೌಂಡ್ ಪ್ರಶ್ನೆ

ಎಲ್ಲ ಪ್ರಶ್ನೆಗಳಿಗಿಂತ ಹೆಚ್ಚು ಸಲ ಕೇಳಿಬಂದದ್ದು ಅತಿ ಸರಳವಾದದ್ದು: ಸ್ವತಂತ್ರವಾದ ಮೇಲೆ ನಮ್ಮ ಜೇಬಿನಲ್ಲಿ ಯಾವ ದುಡ್ಡು ಇರುತ್ತದೆ? ಪೌಂಡನ್ನೇ ಇಂಗ್ಲೆಂಡಿನ ಜೊತೆ ಹಂಚಿಕೊಳ್ಳುತ್ತೇವೆ ಎಂದರು ಸಾಮಂಡ್. 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೋಗೇ ಬಂದು, ಹಾಗೆ ಹಂಚಿಕೊಳ್ಳಲು ನಾವು ಒಪ್ಪುವುದಿಲ್ಲ ಎಂದರು. ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳೂ ಅದಕ್ಕೆ ದನಿಗೂಡಿಸಿದವು. ಸಾಮಂಡ್ ಅದನ್ನು ಬರಿಯ ಬೆದರಿಕೆ ಎಂದು ತಳ್ಳಿಹಾಕಿದರು.

ಮನೆಸಾಲ ಇದ್ದವರಿಗೆ, ಪಿಂಚಣಿ ಉಳಿತಾಯ ಇದ್ದವರಿಗೆ ಅಷ್ಟು ಸಾಲಲಿಲ್ಲ. ಊರಿಗೆ ತಿಂಗಳು ತಿಂಗಳು ಹಣ ಕಳಿಸುವ ನಮ್ಮಂಥವರಿಗೂ ಇದು ಪುಸ್ತಕದ ಮಾತಲ್ಲ.

2014ರ ಆಗಸ್ಟ್ 5ರಂದು ಗ್ಲಾಸ್ಗೋದ ರಾಯಲ್ ಕನ್ಸರ್ವೇಟರಿಯಲ್ಲಿ ಎಸ್‌ಟಿವಿ ಮೊದಲ ಚರ್ಚೆ ನಡೆಸಿತು. ಒಂದು ಕಡೆ ಸಾಮಂಡ್, ಇನ್ನೊಂದು ಕಡೆ "ಬೆಟರ್ ಟುಗೆದರ್" ಬಣದ ನಾಯಕ, ಮಾಜಿ ಹಣಕಾಸು ಮಂತ್ರಿ ಅಲಿಸ್ಟೇರ್ ಡಾರ್ಲಿಂಗ್. ಪ್ರಧಾನಿ ಕ್ಯಾಮರೂನ್ ತಾವೇ ಬರಲಿ ಎಂದು ಸಾಮಂಡ್ ಕರೆದಿದ್ದರು. ಇದು ಸ್ಕಾಟ್ಲೆಂಡಿನವರು ತಮ್ಮಲ್ಲೇ ಮಾತಾಡಿಕೊಳ್ಳಬೇಕಾದ ವಿಷಯ ಎಂದು ಅವರು ಬರಲಿಲ್ಲ. ಎದುರಿಗೆ ಕೂತಿದ್ದವರು ಸುಮಾರು 350 ಮತದಾರರು. ದೇಶದ ಬಾವುಟ, ರಾಜಧಾನಿ, ನಾಣ್ಯ ಯಾವುದೆಂದು ಎಂಟು ವರ್ಷದ ಮಗುವೂ ಹೇಳುತ್ತದೆ, ನೀವು ಹೇಳಿ ಎಂದು ಡಾರ್ಲಿಂಗ್ ಪಟ್ಟು ಹಿಡಿದರು. ಪೌಂಡ್ ಸಿಗದಿದ್ದರೆ ಬದಲಿ ಯೋಜನೆ ಏನು ಎಂಬುದಕ್ಕೆ ಸಾಮಂಡ್ ನೇರ ಉತ್ತರ ಕೊಡಲಿಲ್ಲ, ಸಭಿಕರು ಗೊಣಗಿದರು. ಐಸಿಎಂ ಸಮೀಕ್ಷೆಯಲ್ಲಿ ಶೇ. 56 ಮಂದಿ ಡಾರ್ಲಿಂಗ್ ಗೆದ್ದರೆಂದರು. ಅಂದಹಾಗೆ ಇಂಗ್ಲೆಂಡಿನವರಿಗೆ ಆ ಚರ್ಚೆ ಟೀವಿಯಲ್ಲಿ ಬರಲಿಲ್ಲ. ಅಂತರ್ಜಾಲದಲ್ಲಿ ನೋಡಹೋದವರಿಗೆ ಪ್ರಸಾರ ಕೈಕೊಟ್ಟಿತು.

ಆಗಸ್ಟ್ 25ರಂದು ಅದೇ ಊರಿನ ಕೆಲ್ವಿನ್‌ಗ್ರೋವ್ ಮ್ಯೂಸಿಯಂನಲ್ಲಿ ಬಿಬಿಸಿಯ ಚರ್ಚೆ. ಈ ಸಲ ಸಾಮಂಡ್ ಮೇಜು ಬಿಟ್ಟು ಸಭಿಕರ ಹತ್ತಿರ ಬಂದು ಮಾತಾಡಿದರು. ಬದಲಿ ಯೋಜನೆ ಒಂದಲ್ಲ, ಮೂರಿವೆ ಎಂದರು. ಒಪ್ಪಂದ ಇಲ್ಲದೆಯೂ ಪೌಂಡ್ ಬಳಸಲು ಸಾಧ್ಯ ಎಂಬುದನ್ನು ಡಾರ್ಲಿಂಗ್ ಬಾಯಿಂದಲೇ ಹೇಳಿಸಿದರು. ಆದರೆ ಆ ಸಂಜೆಯ ಒಳ್ಳೆಯ ಪ್ರಶ್ನೆ ಇಬ್ಬರು ನಾಯಕರದೂ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಸಭಿಕರೊಬ್ಬರು ಡಾರ್ಲಿಂಗ್ ಅವರನ್ನು ಕೇಳಿದ್ದು: ಜೊತೆಗಿದ್ದರೇ ಚೆನ್ನ ಎನ್ನುತ್ತೀರಿ, ಹಾಗಿದ್ದರೆ ಈಗಾಗಲೇ ಜೊತೆಗಿದ್ದೇವಲ್ಲ, ಚೆನ್ನಾಗಿ ಯಾಕಿಲ್ಲ? ಪ್ರಚಾರದ ಹೆಸರನ್ನೇ ಹಿಡಿದು ಕೇಳಿದ ಆ ಒಂದು ಸಾಲಿಗೆ ಡಾರ್ಲಿಂಗ್ ತಡವರಿಸಿದರು. ಈ ಸಲ ಶೇ. 71 ಮಂದಿ ಸಾಮಂಡ್ ಗೆದ್ದರೆಂದರು.

ಬೀದಿಯಲ್ಲಿ, ಶಾಲೆಯಲ್ಲಿ

ಲೇಬರ್ ಸಂಸದ ಜಿಮ್ ಮರ್ಫಿ ಇರ್ನ್-ಬ್ರೂ ತಂಪುಪಾನೀಯದ ಖಾಲಿ ಪೆಟ್ಟಿಗೆಗಳ ಮೇಲೆ ನಿಂತು 100 ಊರುಗಳ ಬೀದಿಯಲ್ಲಿ ಮಾತಾಡುವೆನೆಂದು ಹೊರಟರು. ದಾರಿಹೋಕರು ಕೇಳುವುದು, ಬೈಯುವುದು ಎಲ್ಲ ನಡೆಯಿತು. ಆಗಸ್ಟ್ ಕೊನೆಯಲ್ಲಿ ಕರ್ಕಾಡಿಯಲ್ಲಿ ಅವರ ಮೇಲೆ ಮೊಟ್ಟೆ ಬಿದ್ದಾಗ ಕೆಲವು ದಿನ ಪ್ರವಾಸ ನಿಲ್ಲಿಸಿದರು. ಸೆಪ್ಟೆಂಬರ್ 11ರಂದು ಗ್ಲಾಸ್ಗೋದ ಹೈಡ್ರೋ ಸಭಾಂಗಣದಲ್ಲಿ ಸುಮಾರು 7,500 ಮಂದಿ ಹದಿನಾರು ಹದಿನೇಳರ ಮಕ್ಕಳು ಸೇರಿ ನಿಕೋಲಾ ಸ್ಟರ್ಜನ್, ರೂತ್ ಡೇವಿಡ್ಸನ್, ಪ್ಯಾಟ್ರಿಕ್ ಹಾರ್ವಿ, ಜಾರ್ಜ್ ಗ್ಯಾಲೋವೇ ಅವರನ್ನು ಪ್ರಶ್ನಿಸಿದರು. ಈ ವಯಸ್ಸಿನವರಿಗೆ ರಾಜಕೀಯ ಏನು ಗೊತ್ತು ಎನ್ನುತ್ತಿದ್ದವರ ಬಾಯಿ ಅಂದು ಮುಚ್ಚಿತು.

ಅಷ್ಟರಲ್ಲಿ ಸೆಪ್ಟೆಂಬರ್ 7ರ ಒಂದು ಸಮೀಕ್ಷೆ ಯೆಸ್ ಕಡೆಗೆ 51, ನೋ ಕಡೆಗೆ 49 ಎಂದಿತ್ತು. ಲಂಡನ್ನಿನ ಮೂವರು ಪಕ್ಷನಾಯಕರು ಪಾರ್ಲಿಮೆಂಟಿನ ಬುಧವಾರದ ಪ್ರಶ್ನೋತ್ತರ ಬಿಟ್ಟು ಸ್ಕಾಟ್ಲೆಂಡಿಗೆ ಓಡಿಬಂದರು. ಸ್ಕಾಟ್ಲೆಂಡಿಗೆ ಇನ್ನಷ್ಟು ಅಧಿಕಾರ ಕೊಡುವ ವಚನ ಸೆಪ್ಟೆಂಬರ್ 16ರ ಡೈಲಿ ರೆಕಾರ್ಡ್ ಪತ್ರಿಕೆಯ ಮುಖಪುಟದಲ್ಲಿ ಮೂವರ ಸಹಿಯೊಂದಿಗೆ ಬಂತು.

ಸೆಪ್ಟೆಂಬರ್ 18ರಂದು ಶೇ. 84.6 ಮತದಾನವಾಯಿತು. ಬೇಡ ಎಂದವರು 20,01,926 (ಶೇ. 55.3), ಬೇಕು ಎಂದವರು 16,17,989 (ಶೇ. 44.7). ಬೇಕು ಎಂಬುದಕ್ಕೆ ಬಹುಮತ ಬಂದದ್ದು 32 ಕೌನ್ಸಿಲ್‌ಗಳಲ್ಲಿ ನಾಲ್ಕರಲ್ಲಿ ಮಾತ್ರ: ಗ್ಲಾಸ್ಗೋ, ಡಂಡೀ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲ್ಯಾನಾರ್ಕ್‌ಶೈರ್. ಮರುದಿನವೇ ಸಾಮಂಡ್ ರಾಜೀನಾಮೆ ಘೋಷಿಸಿದರು.

ಉತ್ತರಗಳ ಗತಿ

ತೈಲದ ಹಣ ಸಾಕಾಗುತ್ತದೆಯೇ ಎಂದು ಅಬರ್ಡೀನಿನಲ್ಲಿ ಕೇಳಿದವರಿಗೆ ಶ್ವೇತಪತ್ರ ಬ್ಯಾರಲ್ಲಿಗೆ ಸುಮಾರು 110 ಡಾಲರ್ ಲೆಕ್ಕ ತೋರಿಸಿತ್ತು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗಿಳಿಯಿತು. ತೈಲ ಕಂಪನಿಗಳನ್ನು ನಂಬಿ ಆ ಊರಿಗೆ ಬಂದಿದ್ದ ಅನೇಕ ಭಾರತೀಯ ಕುಟುಂಬಗಳಿಗೆ ಅದರ ಬಿಸಿ ಸ್ವಾತಂತ್ರ್ಯ ಇಲ್ಲದೆಯೇ ತಟ್ಟಿತು.

ಯುರೋಪಿನಲ್ಲಿ ಉಳಿಯುತ್ತೇವೆಯೇ ಎಂಬ ಪ್ರಶ್ನೆಗೆ ಯೆಸ್ ಕಡೆಯವರು ಮಾತುಕತೆಯಿಂದ ಸುಗಮವಾಗಿ ಉಳಿಯಬಹುದೆಂದರು. ನೋ ಕಡೆಯವರು ಯುರೋಪ್ ಬೇಕಿದ್ದರೆ ಬ್ರಿಟನ್ನಿನಲ್ಲಿ ಉಳಿಯುವುದೇ ಖಾತ್ರಿ ಎಂದರು. 2016ರ ಜೂನ್ 23ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನಲ್ಲಿ ಶೇ. 62 ಮಂದಿ ಯುರೋಪ್ ಬೇಕೆಂದರೂ ಬ್ರಿಟನ್ ಒಟ್ಟಾರೆ ಹೊರಬರುವ ತೀರ್ಮಾನ ಮಾಡಿತು. ಎರಡನೆಯ ಜನಮತಗಣನೆಯ ಬೇಡಿಕೆಗೆ ಬಲ ಬಂದದ್ದು ಇಲ್ಲಿಂದ. ಅಧಿಕಾರ ಹೆಚ್ಚಿಸುವ ವಚನದ ಬಗ್ಗೆ ಹೇಳುವುದಾದರೆ, ಅದು 2016ರ ಸ್ಕಾಟ್ಲೆಂಡ್ ಕಾಯಿದೆಯಾಗಿ ಬಂತು. ಅದು ಸಾಕೇ ಎಂಬುದರಲ್ಲಿ ಎರಡೂ ಕಡೆಗೆ ಇಂದಿಗೂ ಒಮ್ಮತವಿಲ್ಲ.

2022ರ ಆಗಸ್ಟ್ 16ರಂದು ಪರ್ತ್ ಊರಿನಲ್ಲಿ ಕನ್ಸರ್ವೇಟಿವ್ ಪಕ್ಷದ ಸದಸ್ಯರ ಮುಂದೆ ನಿಂತ ಲಿಜ್ ಟ್ರಸ್ ಮತ್ತು, ಸುಧಾ ಮೂರ್ತಿಯವರ ಅಳಿಯ ಎಂದು ನಾವೆಲ್ಲ ಗುರುತಿಸುವ, ರಿಷಿ ಸುನಕ್ ಇಬ್ಬರೂ ಇನ್ನೊಂದು ಜನಮತಗಣನೆಗೆ ಒಪ್ಪುವುದಿಲ್ಲ ಎಂದರು. ಅದೇ ವರ್ಷ ನವೆಂಬರ್ 23ರಂದು, ಲಂಡನ್ ಒಪ್ಪಿಗೆ ಇಲ್ಲದೆ ಸ್ಕಾಟಿಷ್ ಪಾರ್ಲಿಮೆಂಟು ಜನಮತಗಣನೆಗೆ ಕಾನೂನು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಎರಡು ಚರ್ಚೆಗಳ ನಾಯಕರಿಬ್ಬರೂ ಈಗ ಇಲ್ಲ. ಡಾರ್ಲಿಂಗ್ 2023ರ ನವೆಂಬರಿನಲ್ಲಿ, ಸಾಮಂಡ್ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ನಮ್ಮವರು ತಿಳಿದಿರಬೇಕಾದದ್ದು

ಸ್ಕಾಟ್ಲೆಂಡಿನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು, ವಾಸದ ಅನುಮತಿ ಇದ್ದರೆ, ಕೌನ್ಸಿಲ್, ಸ್ಕಾಟಿಷ್ ಪಾರ್ಲಿಮೆಂಟ್ ಮತ್ತು ಬ್ರಿಟಿಷ್ ಪಾರ್ಲಿಮೆಂಟ್ ಮೂರು ಚುನಾವಣೆಗಳಿಗೂ ಮತದಾರರಾಗಬಹುದು. ಹೆಸರು ತಾನಾಗಿ ಪಟ್ಟಿಗೆ ಬರುವುದಿಲ್ಲ, ನಾವೇ ನೋಂದಾಯಿಸಬೇಕು. ಸ್ಕಾಟ್ಲೆಂಡಿನ ಚುನಾವಣೆಗಳಿಗೆ 16ಕ್ಕೆ ಮತ. ಮಕ್ಕಳು 14ಕ್ಕೇ ಹೆಸರು ಕೊಡಬಹುದು.

ನಾಯಕರನ್ನು ಪ್ರಶ್ನಿಸಲು ಟೀವಿ ಚರ್ಚೆಯೇ ಬೇಕಿಲ್ಲ. ಚುನಾವಣೆಗೆ ಮುಂಚೆ ಚರ್ಚ್ ಹಾಲುಗಳಲ್ಲಿ, ಕಾಲೇಜುಗಳಲ್ಲಿ "ಹಸ್ಟಿಂಗ್ಸ್" ಎಂಬ ಸಭೆಗಳು ನಡೆಯುತ್ತವೆ. ಎಲ್ಲ ಅಭ್ಯರ್ಥಿಗಳೂ ಒಂದೇ ಸಾಲಿನಲ್ಲಿ ಕೂತು ಉತ್ತರಿಸುತ್ತಾರೆ. ಪ್ರಶ್ನೆಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಡುವ ರೂಢಿ ಹಲವೆಡೆ ಇದೆ. ಉಳಿದ ದಿನಗಳಲ್ಲಿ ನಿಮ್ಮ ಸಂಸದರು, ಶಾಸಕರು ಕ್ಷೇತ್ರದಲ್ಲಿ "ಸರ್ಜರಿ" ನಡೆಸುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಕತ್ತರಿ ಪ್ರಯೋಗವೇನೂ ಇಲ್ಲ, ಜನರ ಅಹವಾಲು ಕೇಳುವ ಸಮಯಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಅಲ್ಲಿಗೆ ಹೋಗಲು ಆ ಕ್ಷೇತ್ರದ ನಿವಾಸಿಯಾಗಿದ್ದರೆ ಸಾಕು, ಮತದಾರರಾಗಿರಬೇಕೆಂದೂ ಇಲ್ಲ. ಮತ ಹಾಕಲು ಹೋಗುವಾಗ ಬ್ರಿಟಿಷ್ ಪಾರ್ಲಿಮೆಂಟ್ ಚುನಾವಣೆಗೆ ಮಾತ್ರ ಫೋಟೋ ಇರುವ ಗುರುತಿನ ಪತ್ರ ಬೇಕು. ಕಾಮನ್‌ವೆಲ್ತ್ ದೇಶದ್ದಾದ್ದರಿಂದ ನಮ್ಮ ಭಾರತದ ಪಾಸ್‌ಪೋರ್ಟ್ ಅದಕ್ಕೆ ನಡೆಯುತ್ತದೆ.